ಮಗ್ಗುಲು ತಪ್ಪಿದ ಕಲ್ಲು

ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ವೆನ್‌ಬರಿಯ ದೊಡ್ಡ ಇಗರ್ಜಿಯಲ್ಲಿ ಅರ್ಧಕ್ಕೆ ನಿಂತ ಗೋಡೆಗಳ ತಲೆಗೆ ಹುಲ್ಲು ಹೊದಿಸಿ, ಮೇಲೆ ಸಗಣಿ ಮೆತ್ತಿ, ಗಾರೆಯ ಬಾಣಲೆಗಳನ್ನು ಬೋರಲು ಹಾಕಿ, ಕೆಲಸಗಾರರೆಲ್ಲ ಗೋಡೆಗೆ ಆತುಕೊಂಡ ಕೊಟ್ಟಿಗೆಯೊಳಗೆ ಸೇರಿಕೊಂಡಿದ್ದರು. ಒಳಗೆ ಕೂತು ಕಲ್ಲು ಕೆತ್ತೋಣವೆಂದರೆ ಮಧ್ಯಾಹ್ನಕ್ಕೇ ಕತ್ತಲು ಕವಿದು ಉಳಿಯ ಮೊನೆ ಕಾಣುತ್ತಿರಲಿಲ್ಲ. ಅಂಥ ಬೆಳಕಿನಲ್ಲಿ ಕೆತ್ತಿದರೆ ಕಲ್ಲಿನ ಜೊತೆ ಬೆರಳೂ ಹೋದೀತೆಂದು ಮೇಸ್ತ್ರಿಯೇ ಎಲ್ಲರ ಕೆಲಸ ನಿಲ್ಲಿಸಿ ಮನೆಗೆ ಹೋಗಿದ್ದ. ನಡುವೆ ಬೆಂಕಿ ಉರಿಯುತ್ತಿತ್ತು, ಅದರ ಮೇಲೆ ಬಟಾಣಿ ಗಂಜಿ ಕುದಿಯುತ್ತಿತ್ತು. ಹನ್ನೆರಡು ಜನ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು.

ಬಾರ್ಲಿ ಹೆಂಡದ ಗಡಿಗೆ ಹೊತ್ತು ಬಂದಿದ್ದ ಗುನ್ನಿಲ್ಡಜ್ಜಿ ಮಳೆ ನಿಲ್ಲಲಿ ಅಂತ ಬೆಂಕಿಯ ಹತ್ತಿರ ಕಾಲು ಚಾಚಿ ಕೂತುಬಿಟ್ಟಿದ್ದಳು. ಈ ಕೊಟ್ಟಿಗೆಗೆ ಅವಳು ಹೆಂಡ ತರಲು ಶುರುಮಾಡಿದಾಗ ಈಗಿನ ಮೇಸ್ತ್ರಿ ಹುಟ್ಟಿಯೇ ಇರಲಿಲ್ಲ. ‘ಇಗರ್ಜಿಯೂ ಮುಗಿದಿಲ್ಲ, ನಾನೂ ಮುಗಿದಿಲ್ಲ, ಇಬ್ಬರಲ್ಲಿ ಯಾರು ಮೊದಲೋ ನೋಡೇಬಿಡೋಣ’ ಅನ್ನುವುದು ಅವಳ ಮಾತು. ಅವಳ ಬಾಯಿಗೆ ಪಾದ್ರಿಗಳೂ ಹೆದರುತ್ತಿದ್ದರು.

ಅವತ್ತು ಥರ್ಸ್ಟನ್ ಮಾತ್ರ ಗಂಜಿ ಮುಟ್ಟದೆ ಕೂತಿದ್ದ. ಬಡಗಣ ಸೀಮೆಯಿಂದ ಹೋದ ವಾರ ಬಂದ ಕಲ್ಲುಕುಟಿಗ, ನಲವತ್ತರ ಆಸುಪಾಸು, ಕೆಲಸದಲ್ಲಿ ಗಟ್ಟಿಗ. ಇನ್ನೊಬ್ಬರ ಕೆಲಸ ಹೊಗಳಿದರೆ ನಾಲಗೆ ಬಿದ್ದುಹೋಗುತ್ತದೆ ಎನ್ನುವಂಥವನು. ಬೆಳಿಗ್ಗೆ ಮೇಸ್ತ್ರಿ ಅವನನ್ನು ಶಿಲುಬೆಯಾಕಾರದ ಇಗರ್ಜಿಯ ಬಡಗಣ ತೋಳಿಗೆ ಕಳಿಸಿ, ಕಮಾನಿನ ಬುಡದ ಒಂದು ಕಲ್ಲು ನೋಡಿಕೊಂಡು ಬಾ ಎಂದಿದ್ದ. ಹೋಗಿ ಬಂದಾಗಿನಿಂದ ಅವನು ತನ್ನ ಉಳಿಯ ಮೊನೆಯನ್ನೇ ಹೆಬ್ಬೆರಳಿಂದ ಸವರುತ್ತಿದ್ದ.

“ಆ ಕಲ್ಲಲ್ಲಿ ಹೆಂಗಸಿನ ಮುಖ ಇದೆಯಲ್ಲ, ಅರ್ಧ ಕೆತ್ತಿದ್ದು,” ಎಂದ ಕೊನೆಗೆ. “ಯಾರ ಕೆಲಸ ಅದು? ಹುಡುಕಿದೆ, ಕೆತ್ತಿದವನ ಗುರುತೇ ಇಲ್ಲ. ಇಪ್ಪತ್ತೆರಡು ವರ್ಷದಿಂದ ಉಳಿ ಹಿಡಿದಿದೀನಿ, ಯಾರ ಕೆಲಸ ನೋಡಿದ್ರೂ ಹೊಟ್ಟೆ ಉರಿದಿರಲಿಲ್ಲ. ಇವತ್ತು ಉರೀತು.”

ಎಲ್ಲರೂ ಗಂಜಿಗೆ ಬಗ್ಗಿದರು. ಗಾರೆ ಕಲಸುವ ವಾಟ್, ಊರಿಗೆಲ್ಲ ಮಾತು ಹಂಚುವವನು, ಅವನೂ ತನ್ನ ಬಟ್ಟಲನ್ನೇ ನೋಡುತ್ತ ಕೂತ.

“ಹೊಟ್ಟೆ ಉರೀತಾ?” ಅಜ್ಜಿ ಕಿಸಕ್ಕನೆ ನಕ್ಕಳು. “ಅರ್ಧ ಗಳಿಗೆ ಉರಿದಿದ್ದಕ್ಕೇ ಗಂಜಿ ಸೇರಲ್ಲ ಇವನಿಗೆ! ಈಚೆ ಬಾ ಮಗಾ, ಕೂತ್ಕೋ. ಹೊಟ್ಟೆಕಿಚ್ಚು ಅಂದ್ರೆ ಏನು ಅಂತ ನಾನು ಹೇಳ್ತೀನಿ.”

“ಅಜ್ಜೀ, ಆ ಕಲ್ಲಿನ ಸುದ್ದಿ ಬೇಡ. ಹೊತ್ತು ಸರಿಯಿಲ್ಲ,” ಎಂದ ವಾಟ್.

“ಬೇಡವಾದ್ರೆ ಕಿವಿಗೆ ಗಾರೆ ತುಂಬ್ಕೋ. ನಿನ್ನ ಕೈಯಲ್ಲಿ ಆಗೋದು ಅದೊಂದೇ.” ಅಜ್ಜಿ ಶಾಲಿನ ತುದಿ ಹಿಂಡಿ, ಗೋಡೆಗೆ ಬೆನ್ನು ಕೊಟ್ಟು, ಎಲ್ಲರ ಮುಖ ಕಾಣುವ ಹಾಗೆ ತಿರುಗಿ ಕೂತಳು.

“ಆಗ ಆ ಬಡಗಣ ತೋಳಿಗೆ ಸೂರು ಇರ್ಲಿಲ್ಲ ಕಣ್ರೋ. ಬರೀ ಕಂಬ, ಮೇಲೆ ಆಕಾಶ, ಕಂಬದ ಮೇಲೆ ಕಾಗೆ. ಹಾಮೊ ಅಂತ ಒಬ್ಬ ಕಲ್ಲುಕುಟಿಗ ಇದ್ದ. ಕೈ ಅಂದ್ರೆ ಕೈ ಅವನದು... ಅವನು ಎಲೆ ಕೆತ್ತಿದ್ರೆ ಮೇಕೆ ಬಂದು ಮೂಸಬೇಕು. ಮಾತು ಮಾತ್ರ ಬಾಯಿಂದ ಇಕ್ಕಳ ಹಾಕಿ ಎಳೀಬೇಕು. ಅವನ ಹೆಂಡ್ತಿ ಆವಿಸ್ ಅಂತ, ಜ್ವರ ಬಂದು ಸತ್ತುಹೋಗಿ ಎರಡು ವರ್ಷ ಆಗಿತ್ತು. ಆಮೇಲೆ ಎರಡು ಹರದಾರಿ ಆಚೆ, ಈ ಇಗರ್ಜಿಗೆ ಕಲ್ಲು ಬರ್ತಿತ್ತಲ್ಲ ಆ ಗಣಿ, ಅಲ್ಲಿಂದ ಗಣಿಯವನ ಮಗಳನ್ನ ಮದುವೆ ಆಗಿ ಕರ್ಕೊಂಡು ಬಂದ. ಹತ್ತೊಂಬತ್ತು ವರ್ಷದ ಹುಡುಗಿ. ಗಂಡನ ಮೇಲೆ ಪ್ರಾಣ ಇಟ್ಕೊಂಡಿದ್ಲು. ಸುಣ್ಣ ಹಿಡಿದ ಬಟ್ಟೆ ಒಗೆದ್ಲು, ರೊಟ್ಟಿ ಸುಟ್ಲು, ಮೀನು ಹುರಿದ್ಲು. ಅವನು ತಿಂದ, ಚೆನ್ನಾಗಿದೆ ಅಂದ, ಗೋಡೆ ಕಡೆ ಮುಖ ಮಾಡಿ ಮಲಗಿದ. ಗಂಡಸರ ಜಾತಿಯೇ ಇಷ್ಟು ಅಂದ್ಕೊಂಡ್ಲು ಪಾಪ, ಅವಳಿಗೇನು ಗೊತ್ತು?

“ಸತ್ತವಳ ಮೇಲೆ ಹೊಟ್ಟೆಕಿಚ್ಚು ಇರ್ಲಿಲ್ವಾ ಅಂತ ಕೇಳ್ತೀರಾ? ಇತ್ತು. ಯಾವ ಎರಡನೇ ಹೆಂಡ್ತಿಗೆ ಇರಲ್ಲ ಹೇಳಿ? ಆದ್ರೆ ಅವಳು ಆವಿಸ್‌ನ ಕಣ್ಣಾರೆ ಕಂಡವಳಲ್ಲ. ಕಾಣದವಳನ್ನ ಹ್ಯಾಗೆ ಬೇಕಾದ್ರೂ ಅಂದ್ಕೋಬಹುದು ನೋಡಿ... ಮೆಳ್ಳಗಣ್ಣು ಅಂದ್ಕೊಂಡ್ಲು, ಉಬ್ಬುಹಲ್ಲು ಅಂದ್ಕೊಂಡ್ಲು, ಸೌಟಿನಂಥ ಮೂಗು ಇಟ್ಟು, ಅದರ ಮೇಲೊಂದು ನರೋಲಿಯನ್ನೂ ಇಟ್ಟು, ಒಬ್ಬಳೇ ನಗ್ತಾ ಪಾತ್ರೆ ತಿಕ್ಕಿದ್ಲು. ಹಾಗೆ ಒಂದು ವರ್ಷ ಸುಖವಾಗೇ ಕಳೀತು.

“ಆಮೇಲೆ ಆಗಿನ ಮೇಸ್ತ್ರಿ ಹಾಮೊನ ಕರೆದು, ಬಡಗಣ ಬಾಗಿಲ ಹೊರಗೆ ಗೋಡೆಯಿಂದ ಚಾಚಿಕೊಂಡಿರೋ ಹಾಗೆ ಒಂದು ಮುಖ ಬೇಕು, ಸಂತ ಆಗ್ನೆಸಮ್ಮನದು, ಕೆತ್ತು ಅಂದ. ಹಾಮೊ ಮೊದಲು ಗಾರೆ ನೆಲದ ಮೇಲೆ ಇದ್ದಿಲಿಂದ ಬರೆದ. ಇಲ್ಲೇ, ಈ ವಾಟ್ ಅಂಡೂರಿ ಕೂತಿದಾನಲ್ಲ, ಇದೇ ಜಾಗ. ಹೆಂಡ್ತಿ ಮಧ್ಯಾಹ್ನ ರೊಟ್ಟಿ ತಂದ್ಲು. ಬಂದು ನೋಡ್ತಾಳೆ, ನೀರು ಹೊರೋ ಹೆಂಗಸರೆಲ್ಲ ಸುತ್ತ ನಿಂತು ಕಣ್ಣು ಒರೆಸ್ಕೊಳ್ತಿದಾರೆ. ‘ಅಯ್ಯೋ ದೇವರೇ, ನಮ್ಮ ಆವಿಸ್ ಕಣೇ! ಕೂಗಿದ್ರೆ ಓ ಅಂತಾಳೆ ನೋಡೇ!’ ಅಂತ ಒಬ್ಬಳು. ‘ಆ ಹಲ್ಲಿನ ಸಂದಿ ಕೂಡ ಬಿಟ್ಟಿಲ್ಲ ನೋಡು ಪುಣ್ಯಾತ್ಮ’ ಅಂತ ಇನ್ನೊಬ್ಬಳು.

“ಅವಳು ನೋಡಿದ್ಲು. ಏನು ಹೇಳ್ಲಿ... ಚೆಂದ ಇದ್ಲು ಕಣ್ರೋ ಆ ಸತ್ತ ಮುಂಡೆ. ಚೆಂದ ಅಂದ್ರೆ ರಾಣಿ ಚೆಂದ ಅಲ್ಲ. ತುಟಿ ಒಂಚೂರು ತೆರೆದು, ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬಿಟ್ಕೊಂಡು, ಈಗತಾನೆ ಗಂಡ ಏನೋ ತಮಾಷೆ ಹೇಳಿದ ಅನ್ನೋ ಹಾಗೆ... ತಮಾಷೆ! ಇವಳ ಹತ್ರ ಒಂದು ವರ್ಷದಲ್ಲಿ ಅವನು ಒಂದು ತಮಾಷೆ ಮಾತು ಆಡಿರ್ಲಿಲ್ಲ.

“ರಾತ್ರಿ ಊಟಕ್ಕೆ ಕೂತಾಗ ಕೇಳಿದ್ಲು. ‘ಯಾರದು ಆ ಮುಖ?’

“‘ಸಂತ ಆಗ್ನೆಸಮ್ಮ.’

“‘ಆಗ್ನೆಸಮ್ಮನಿಗೆ ಹಲ್ಲುಸಂದಿ ಇತ್ತು ಅಂತ ಪಾದ್ರಿಗಳು ಯಾವತ್ತೂ ಹೇಳ್ಲಿಲ್ವಲ್ಲ?’

“ಅವನು ಗಂಜಿ ಕುಡಿದ. ಇವಳು ಬಿಡಲಿಲ್ಲ. ‘ನನ್ನ ಮುಖ ಯಾವತ್ತಾದ್ರೂ ಕೆತ್ತುತೀಯಾ?’ ಅಂದ್ಲು.

“‘ನಿನ್ನ ಮುಖ ದಿನಾ ನೋಡ್ತೀನಲ್ಲ’ ಅಂದ. ಅಂದವನು ಇವಳ ಮುಖ ನೋಡಿ ಅಂದ್ನಾ? ಬಟ್ಟಲು ನೋಡ್ಕೊಂಡು ಅಂದ.”

ಅಜ್ಜಿ ಮಾತು ನಿಲ್ಲಿಸಿ ಬೆಂಕಿಯ ಕಡೆ ತಿರುಗಿ ಉಗಿದಳು. ಯಾರೋ ಅವಳ ಬಟ್ಟಲಿಗೆ ಹೆಂಡ ಬಗ್ಗಿಸಿದರು. ತನ್ನದೇ ಹೆಂಡವನ್ನು ಮೂಸಿ ನೋಡಿ, ಹುಳಿ ಸಾಲದು ಎಂದು ಬೈದು, ಕುಡಿದಳು.

“ಈಗ ಕಲ್ಲಿನ ವಿಷಯಕ್ಕೆ ಬರ್ತೀನಿ. ನಿಮಗೆಲ್ಲ ಗೊತ್ತಿರೋದೇ. ಈ ವಾಟ್‌ಗೆ ಗೊತ್ತಿಲ್ಲ, ಅವನಿಗೋಸ್ಕರ ಹೇಳ್ತೀನಿ. ಕಲ್ಲು ಭೂಮಿಯೊಳಗೆ ರೊಟ್ಟಿ ಪೇರಿಸಿದ ಹಾಗೆ ಪದರ ಪದರವಾಗಿ ಮಲಗಿರುತ್ತೆ. ಅಲ್ಲಿ ಯಾವ ಮಗ್ಗುಲಿಗೆ ಮಲಗಿತ್ತೋ ಗೋಡೆಯಲ್ಲೂ ಅದೇ ಮಗ್ಗುಲಿಗೆ ಮಲಗಬೇಕು. ಆಗ ಎಷ್ಟು ಭಾರ ಹೇರಿದ್ರೂ ಹೊರುತ್ತೆ. ಅದನ್ನ ಎತ್ತಿ ನೆಟ್ಟಗೆ ನಿಲ್ಲಿಸಿದ್ರೋ... ಮಳೆ, ಹಿಮ ಬಿದ್ದಂಗೆ ಮುಂದಿನ ಪದರ ಎದ್ದು ಎದ್ದು ಉದುರುತ್ತೆ. ಹಸಿ ಕಲ್ಲಲ್ಲಿ ಪದರ ಕಾಣಲ್ಲ, ಎಂಥ ಕಲ್ಲುಕುಟಿಗನಿಗೂ ಕಾಣಲ್ಲ. ಅದಕ್ಕೇ ಗಣಿಯವನು ಕಲ್ಲು ಎಬ್ಬಿಸಿದ ತಕ್ಷಣ ಮೇಲ್ಮೈಗೆ ಕೆಮ್ಮಣ್ಣಿನ ಗೀಟು ಎಳೀತಾನೆ. ಗೀಟು ಇರೋದು ಮೇಲಕ್ಕೆ. ಆ ಗೀಟೊಂದನ್ನ ನಂಬ್ಕೊಂಡು ಈ ಇಗರ್ಜಿ ಎಲ್ಲಾ ನಿಂತಿದೆ, ಬಿಷಪ್ಪರ ಜಪದಿಂದಲ್ಲ.

“ಆವಿಸ್‌ನ ಮುಖಕ್ಕೆ ಅಂತ ಕಲ್ಲು ಬಂತು. ಯಾರ ಗಣಿಯಿಂದ? ಇವಳ ಅಪ್ಪನ ಗಣಿಯಿಂದ. ಯಾರ ಗೀಟು? ಅಪ್ಪ ಕೈಯಾರೆ ಎಳೆದ ಗೀಟು. ಗಾಡಿಯಿಂದ ಇಳಿಸಿ, ಗಾಡಿಯವನೂ ಕೆಲಸದವರೂ ಎಲ್ಲ ಊಟಕ್ಕೆ ಹೋದ್ರು. ಅವಳು ಒಬ್ಬಳೇ ನಿಂತಿದ್ಲು. ಮುಸುರೆ ಬಟ್ಟೆ ಒದ್ದೆ ಮಾಡಿ ಗೀಟು ಒರೆಸಿದ್ಲು. ಚಿಟಿಕೆ ಕೆಮ್ಮಣ್ಣು ಎಂಜಲಲ್ಲಿ ಕಲಸಿ ಪಕ್ಕದ ಮೈಗೆ ಎಳೆದ್ಲು. ಅಪ್ಪನ ಗೀಟಿನ ಹಾಗೇ, ತುದಿಯಲ್ಲಿ ಒಂಚೂರು ಬಾಗಿಸಿ... ಚಿಕ್ಕಂದಿನಿಂದ ನೋಡಿದ್ಲಲ್ಲ! ಅಷ್ಟೇ ಅವಳು ಮಾಡಿದ್ದು. ಮನಸ್ಸಲ್ಲಿ ಏನಿತ್ತು? ಹಾಮೊ ಕೆತ್ತಲಿ, ಬಾಗಿಲ ಹೊರಗೆ ಮಳೆಗೆ ಇಡಲಿ, ಐದಾರು ಚಳಿಗಾಲಕ್ಕೆ ಮೂಗು ಹೋಗ್ಲಿ, ತುಟಿ ಹೋಗ್ಲಿ, ಆ ಹಲ್ಲುಸಂದಿ ಹೋಗ್ಲಿ, ಊರೆಲ್ಲ ನೋಡೋ ಹಾಗೆ ಬೋಳಾಗ್ಲಿ. ಇಷ್ಟೇ. ಯಾರ ಜೀವ ತೆಗೀಬೇಕು ಅಂತಲೂ ಇರ್ಲಿಲ್ಲ ಕಣ್ರಪ್ಪಾ.

“ಹಾಮೊ ಕೆತ್ತಿದ. ಮಾವನ ಗೀಟು ಅಂತ ಒಂದ್ಸಲ ತಟ್ಟಿ ಕೂಡ ನೋಡಲಿಲ್ಲ. ನಾಲ್ಕು ತಿಂಗಳು ಕೆತ್ತಿದ. ಆದ್ರೆ ಏನಾಯ್ತು? ಮುಗಿದ ಮುಖ ನೋಡಿ ಮೇಸ್ತ್ರಿ ತಲೆ ಮೇಲೆ ಕೈ ಹೊತ್ಕೊಂಡ. ‘ಇದನ್ನ ತಗೊಂಡು ಹೋಗಿ ಮಳೆಗೆ ಹಾಕೋದಾ? ಒಳಗಡೆ ದೊಡ್ಡ ಕಮಾನಿನ ಬುಡಕ್ಕೆ ಇಡ್ರೋ, ಕಮಾನು ಇವಳ ತಲೆ ಮೇಲೇ ಬರಲಿ’ ಅಂದ.

“ಗಣಿಯವನ ಮಗಳಿಗೆ ಎದೆ ಧಸಕ್ ಅಂತು. ಹೊರಗಾದ್ರೆ ಸಿಪ್ಪೆ ಏಳುತ್ತೆ, ಅಷ್ಟೇ. ಭಾರ ಹೊತ್ತರೆ? ಗೋಡೆಯಿಂದ ಚಾಚಿದ ಭಾಗ ಪದರ ಬಿಟ್ಟು ಒಂದೇ ಏಟಿಗೆ ಕಳಚಿಕೊಳ್ಳುತ್ತೆ. ಹೇಳಿಬಿಡಬೇಕು ಅಂತ ಎದ್ದ ಕಾಲಲ್ಲಿ ಓಡಿ ಬಂದ್ಲು. ಒದೀಲಿ, ಮನೆ ಬಿಟ್ಟು ಓಡಿಸ್ಲಿ, ಹೇಳೇಬಿಡ್ತೀನಿ ಅಂತ ಈ ಬಾಗಿಲವರೆಗೂ ಬಂದ್ಲು. ಒಳಗೆ ಹಾಮೊ ಒಬ್ಬನೇ ಇದ್ದ. ಮುಖಕ್ಕೆ ಮುಖ ಕೊಟ್ಟು ಕೂತು, ತುಟಿ ಸಂದಿಯ ಧೂಳು ಉಫ್ ಅಂತ ಊದ್ತಿದ್ದ. ಊದಿ, ಹೆಬ್ಬೆಟ್ಟಲ್ಲಿ ಒರೆಸಿ, ‘ಆವಿ’ ಅಂದ. ಅಷ್ಟೇ. ‘ಆವಿ, ನಾಳೆ ನಿನ್ನ ಮೇಲಕ್ಕೆ ಹತ್ತಿಸ್ತಾರಂತೆ’ ಅಂದು ನಕ್ಕ. ಮಾತೇ ಬಾರದವನು... ನಕ್ಕ!

“ಅವಳು ಹೇಳಿದ್ಲಾ?

“ತಿರುಗಿ ಮನೆಗೆ ಹೋಗಿ ಅಂಬಲಿ ಕಾಯಿಸಿದ್ಲು.

“ಕಲ್ಲು ಕೂರಿಸಿದ್ರು. ಮೇಲೆ ಕಮಾನು ಕಟ್ಟಿದ್ರು. ಗಾರೆ ಬಲಿಯೋವರೆಗೂ ಕೆಳಗೆ ಮರದ ಆಸರೆ ಇತ್ತಲ್ಲ, ಏನೂ ಆಗಲಿಲ್ಲ. ಸಂತ ಜಾನರ ಹಬ್ಬದ ಮುಂಚಿನ ದಿನ ಆಸರೆ ಬಿಚ್ಚಿದ್ರು. ಕಮಾನು ಮಿಸುಕಲಿಲ್ಲ. ಎಲ್ಲರೂ ಹೋ ಅಂದ್ರು, ಹೆಂಡ ಹಂಚಿದ್ರು. ಅವಳೂ ರೊಟ್ಟಿ ಬುಟ್ಟಿ ಹಿಡ್ಕೊಂಡು ಅಲ್ಲೇ ನಿಂತಿದ್ಲು. ಸದ್ಯ, ದೇವರು ದೊಡ್ಡವನು ಅಂದ್ಕೊಂಡ್ಲು. ಅಷ್ಟರಲ್ಲಿ ಹಾಮೊ, ‘ಕೆನ್ನೆ ಮೇಲೆ ಗಾರೆ ಸಿಡಿದಿದೆ, ಒರೆಸ್ತೀನಿ’ ಅಂತ ಏಣಿ ಇಟ್ಟು ಹತ್ತಿದ. ಒದ್ದೆ ಬಟ್ಟೆಯಲ್ಲಿ ಕೆನ್ನೆ ಒರೆಸ್ತಾ ಇದ್ದ. ಮೆಲ್ಲಗೆ... ಮಗುವಿನ ಮುಖ ಒರೆಸೋ ಹಾಗೆ. ಇವಳು ಹಾಮೊ ಅಂತ ಕೂಗಿದ್ಲು. ಅವನು ತಿರುಗಲಿಲ್ಲ. ಟಪ್ ಅಂತ ಒಂದು ಸದ್ದು. ಮುಖ ಗೋಡೆಯಿಂದ ಕಳಚಿ ಅವನ ಎದೆ ಮೇಲೆ ಬಂತು. ಅವನು ಕೈ ಎರಡೂ ಚಾಚಿ ತಬ್ಬಿ ಹಿಡ್ಕೊಂಡ ಕಣ್ರೋ! ಬಿಟ್ಟು ಪಕ್ಕಕ್ಕೆ ಹಾರಿದ್ರೆ ಬದುಕ್ತಿದ್ದ. ಬಿಡಲಿಲ್ಲ. ಹಾಗೇ ಬಿದ್ದ.

“ಆವಿಸ್ ಪಕ್ಕದಲ್ಲೇ ಗುಂಡಿ ತೋಡಿದ್ರು. ಗೋಡೆ ಮೂಲೆ ಅದು, ಎರಡು ಗುಂಡಿಗೆ ಸರಿಹೋಯ್ತು, ಮೂರನೆಯವಳಿಗೆ ಜಾಗ ಇಲ್ಲ. ಊರವರೆಲ್ಲ ಪಾಪ ಪಾಪ ಅಂತ ಅವಳ ತಲೆ ಸವರಿದ್ರು. ತಪ್ಪು ಯಾರ ತಲೆಗೆ ಬಂತು? ಅವಳ ಅಪ್ಪನ ತಲೆಗೆ. ಗೀಟು ತಪ್ಪು ಎಳೆದ ಅಂತ ಅವನ ಕಲ್ಲು ಬೇಡ ಅಂದ್ರು. ‘ನನ್ನ ಗೀಟು ಯಾವತ್ತೂ ತಪ್ಪಿಲ್ಲ’ ಅಂತಲೇ ಹೇಳ್ತಾ ಹೇಳ್ತಾ ಎರಡು ವರ್ಷಕ್ಕೆ ಸತ್ತ. ಆಗಲೂ ಅವಳು ಬಾಯಿ ಬಿಡಲಿಲ್ಲ. ತವರೂ ಹೋಯ್ತು, ಗಂಡನೂ ಹೋದ. ಅದೂ ಎಲ್ಲಿಗೆ ಹೋದ? ತಾನೇ ಕೈಯಾರೆ ಸವತಿ ಹತ್ರ ಕಳಿಸಿಕೊಟ್ಟ ಹಾಗಾಯ್ತಲ್ಲಾ ಅಂತ ಹಾಸಿಗೆ ಕಚ್ಚಿಕೊಂಡು ಅತ್ಲು.

“ಗೋಡೆಯೊಳಗೆ ಉಳಿದ ಅರ್ಧ ಕಲ್ಲನ್ನ ಕೀಳಬೇಕಾದ್ರೆ ಕಮಾನೇ ಬಿಚ್ಚಬೇಕು. ಹಿಂದಿನ ಭಾಗ ಗಟ್ಟಿಯಾಗಿದೆ, ಇರ್ಲಿ ಬಿಡಿ ಅಂದ ಮೇಸ್ತ್ರಿ. ಆ ಚಳಿಗಾಲ ಕೆಲಸ ನಿಂತು ಎಲ್ಲರೂ ಊರಿಗೆ ಹೋದ್ರು. ವಸಂತಕ್ಕೆ ಬಂದು ನೋಡಿದ್ರೆ, ಮುರಿದ ಕಲ್ಲಲ್ಲಿ ಒಂದು ಗಲ್ಲ ಎದ್ದಿದೆ. ಯಾವನೋ ಇದು ಅಂತ ಮೇಸ್ತ್ರಿ ಒಬ್ಬೊಬ್ಬನನ್ನೂ ಕರೆದು ಕೇಳಿದ. ಯಾರೂ ಇಲ್ಲ. ಮಾರನೇ ವರ್ಷ ತುಟಿ ಬಂತು... ತುಟಿ ಒಂಚೂರು ತೆರೆದು, ಹಲ್ಲಿನ ನಡುವೆ ಸಂದಿ. ನಾನು ಅವತ್ತೇ ಸುತ್ತಿಗೆ ತಗೊಂಡು ಏಣಿ ಹತ್ತಿ, ನನ್ನ ಕೈಯಿಂದಲೇ ಆ ಬಾಯಿಗೆ...”

ಅಜ್ಜಿ ನಿಲ್ಲಿಸಿದಳು. ವಾಟ್ ಬಟ್ಟಲು ಕೆಳಗಿಟ್ಟ.

“ಅಜ್ಜೀ, ನನ್ನ ಕೈಯಿಂದ ಅಂದ್ರಿ.”

“ಅಂದೆ. ಏನೀಗ? ನಲವತ್ತಾರು ವರ್ಷದಿಂದ ಅವಳು ಅವಳು ಅಂತ ಹೇಳಿ ನಾಲಗೆ ಸೋತಿದೆ. ನಾನೇ ಆ ಗಣಿಯವನ ಮಗಳು, ಅದು ಗೊತ್ತಿದ್ದವರೆಲ್ಲ ಮಣ್ಣಾದ್ರು. ಗೀಟು ಎಳೆದವಳು ನಾನು. ಹೋಗಿ ಬಿಷಪ್ಪರಿಗೆ ಹೇಳು, ಈ ಮುದಿ ಕೊರಳಿಗೆ ಹಗ್ಗ ಹಾಕ್ತಾರೇನೋ ನೋಡೋಣ.” ಅವಳು ಥರ್ಸ್ಟನ್ ಕಡೆಗೆ ಬೆರಳು ಮಾಡಿದಳು. “ನೀನು ಹೊಟ್ಟೆ ಉರೀತು ಅಂದ್ಯಲ್ಲ ಮಗಾ, ಸತ್ತ ಹಾಮೊ ಕೆತ್ತೋದು, ನಾನು ಒಡೆಯೋದು, ಹನ್ನೊಂದು ಸಲ ಆಗಿದೆ. ಪ್ರತಿ ಸಲವೂ ಮುಂಚಿನ ಸಲಕ್ಕಿಂತ ಚೆಂದ ಕೆತ್ತುತಾನೆ. ಕಲ್ಲು ಒಳಕ್ಕೆ ಒಳಕ್ಕೆ ಹೋಗ್ತಿದೆ.”

ಥರ್ಸ್ಟನ್‌ಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಆದರೆ ಬೆಳಿಗ್ಗೆ ಆ ಕಲ್ಲಿನ ಮೇಲೆ ಕೈಯಿಟ್ಟಿದ್ದವನು ಅವನು. ಮಂಡಿಯ ಮೇಲಿದ್ದ ಅದೇ ಕೈಯನ್ನು ಒಮ್ಮೆ ನೋಡಿಕೊಂಡ.

“ಹಿಂದೆ ನಾಲ್ಕು ಬೆರಳಷ್ಟು ಕಲ್ಲು ಮಾತ್ರ ಉಳಿದಿದೆ ಅಜ್ಜಿ,” ಎಂದ. “ಮಳೆ ಬಿಟ್ಟ ತಕ್ಷಣ ಕಮಾನಿಗೆ ಆಸರೆ ಕೊಟ್ಟು ಅದನ್ನ ಕಿತ್ತು ಬೇರೆ ಹಾಕು ಅಂತ ಮೇಸ್ತ್ರಿ ಹೇಳಿದಾರೆ.”

ಅಜ್ಜಿಯ ಮುಖ ಬಿಳಿಚಿಕೊಂಡಿತು. ಅವಳು ಹೀಗೆ ಹೆದರಿದ್ದನ್ನು ಆ ಕೊಟ್ಟಿಗೆಯಲ್ಲಿ ಯಾರೂ ಕಂಡಿರಲಿಲ್ಲ.

“ಕೀಳ್ತೀಯಾ? ಕಿತ್ರೆ ಅವನು ಎಲ್ಲಿ ಕೆತ್ತಬೇಕು?” ಅವಳು ಥರ್ಸ್ಟನ್‌ನ ತೋಳು ಹಿಡಿದುಕೊಂಡಳು. “ನಾನು ಯಾಕೆ ಒಡೀತೀನಿ ಅಂದ್ಕೊಂಡೆ? ಮೊದಲನೇ ಸಲ ಸಿಟ್ಟಿಗೆ ಒಡೆದೆ, ನಿಜ. ಆಮೇಲೆ ಯೋಚನೆ ಮಾಡಿದೆ. ಮುಖ ಮುಗಿದ್ರೆ ಅವನಿಗೆ ಇಲ್ಲಿ ಏನು ಕೆಲಸ? ಎದ್ದು ಆವಿಸ್ ಹತ್ರ ಹೋಗ್ತಾನೆ. ಮುಗಿಯೋಕೆ ಮುಂಚೆ ಒಡೆದ್ರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಇಲ್ಲೇ ಇರ್ತಾನೆ. ನಲವತ್ತಾರು ವರ್ಷ ಇಟ್ಕೊಂಡಿದೀನಿ. ಅವಳಿಗೆ ಸಿಕ್ಕಿದ್ದು ಎಷ್ಟು? ಆರೇ ಆರು ವರ್ಷ!”

“ಕಮಾನು ಬೀಳುತ್ತೆ ಅಜ್ಜಿ. ಕೆಳಗೆ ಜನ ಇರ್ತಾರೆ.”

“ಬಿದ್ರೆ ಬೀಳ್ಲಿ.”

ಆಗ ಸದ್ದು ಕೇಳಿಸಿತು. ಮೊದಲು ಸೂರಿನ ನೀರು ತೊಟ್ಟಿಕ್ಕುತ್ತಿದೆ ಎಂದುಕೊಂಡರು. ಆದರೆ ಕಲ್ಲಿನ ಮೇಲೆ ಉಳಿ ಕೂತ ಸದ್ದು ಎಂಥದೆಂದು ಆ ಹನ್ನೆರಡು ಜನಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಗರ್ಜಿಯ ಬಡಗಣ ತೋಳಿನಿಂದ ಬರುತ್ತಿತ್ತು. ಟಕ್, ಟಕ್. ಒಂದು ಬಿಡುವು. ಮತ್ತೆ ಟಕ್. ವಾಟ್ ತುಟಿ ಅಲ್ಲಾಡಿಸುತ್ತ ಕೊಟ್ಟಿಗೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಎಣಿಸಿದ, ಕೊನೆಯವನ ಹತ್ತಿರ ಹೋಗಿ ಮತ್ತೆ ಮೊದಲಿನಿಂದ ಎಣಿಸಿದ. ಯಾರೂ ಕಡಿಮೆ ಇರಲಿಲ್ಲ.

“ಹೆದರ್ಕೋಬೇಡಿ,” ಎಂದಳು ಅಜ್ಜಿ. ಅವಳ ದನಿಯಲ್ಲಿ ಕೊಂಚವೂ ಅಳುಕಿರಲಿಲ್ಲ. “ನಿಮ್ಮ ಕೆಲಸ ನಿಂತಾಗ ಅವನ ಕೆಲಸ ಶುರು. ಯಾರಿಗೂ ಏನೂ ಮಾಡಲ್ಲ ಅವನು. ಎಷ್ಟು ಸಲ ಏಣಿ ಕೆಳಗೆ ಹೋಗಿ ನಿಂತಿದೀನಿ, ಹಾಮೊ, ಹಾಮೊ ಅಂತ ಕರೆದಿದೀನಿ... ತಿರುಗಿ ಕೂಡ ನೋಡಲ್ಲ.”

ಅವಳು ಕತ್ತು ಓರೆ ಮಾಡಿ ಆಲಿಸಿದಳು. ಸದ್ದು ಈಗ ಸಣ್ಣದಾಗಿತ್ತು, ಬಿಡುವು ಉದ್ದವಾಗಿತ್ತು. ಅಜ್ಜಿ ಗೋಡೆ ಹಿಡಿದುಕೊಂಡು, ಮಂಡಿ ಲಟಲಟ ಅನ್ನಿಸುತ್ತ ಎದ್ದು ನಿಂತಳು.

“ಕಣ್ಣಿಗೆ ಬಂದಿದಾನೆ. ಕಣ್ಣಿಗಾದ್ರೆ ಮಾತ್ರ ಅವನು ಇಷ್ಟು ಮೆಲ್ಲಗೆ ಹೊಡಿಯೋದು. ಕಣ್ಣು ಮುಗಿದ್ರೆ ಎಲ್ಲಾ ಮುಗೀತು. ಏಯ್, ಯಾರಾದ್ರೂ ಒಂದು ಸುತ್ತಿಗೆ ಕೊಡ್ರೋ!”